ಕಾರುಗಳನ್ನು ಬೀರುವಿಗೆ ಸೇರಿಸಬೇಡಿ ಅಕ್ಕ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ನಾಲ್ಕನೇ ಕ್ಲಾಸಿನ ಮಗ, ಮನೆಯಲ್ಲಿ ನಲವತ್ತು ಪುಟ್ಟ ಕಾರು, ಪುಸ್ತಕ ಕಂಡರೆ ಆಗುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ಕಾರುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಮಂಡ್ಯದ ಹತ್ತಿರ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ಆರು ವರ್ಷದಿಂದ ಪಾಠಕ್ಕೆ ಇವೇ ಕಾರುಗಳನ್ನು ಬಳಸುತ್ತಿದ್ದೇನೆ.

ಮೊದಲು ಇಳಿಜಾರು. ಮೂರಡಿ ಹಲಗೆಯ ಒಂದು ತುದಿಯ ಕೆಳಗೆ ಎರಡು ನೋಟ್‌ಬುಕ್ ಇಡಿ. ಕಾರು ಬಿಡುವ ಮುಂಚೆ ಅದು ಎಲ್ಲಿ ನಿಲ್ಲುತ್ತದೆ ಅಂತ ಅವನಿಂದಲೇ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ತನ್ನ ಗೆರೆ ಸರಿಯಾ ತಪ್ಪಾ ಅಂತ ನೋಡೋಕೆ ಮಗು ತಾನೇ ಓಡಿಹೋಗಿ ಟೇಪು ತರುತ್ತದೆ. ಕಾರನ್ನು ಕೈಯಲ್ಲಿ ತಳ್ಳಬಾರದು. ಮುಂದೆ ಸ್ಕೇಲು ಅಡ್ಡ ಹಿಡಿದು ಸರಕ್ಕನೆ ಎತ್ತಬೇಕು. ಹಲಗೆ ನೆಲ ಮುಟ್ಟುವ ಕಡೆ ಕಾರಿನ ಮೂತಿ ಬಡಿಯುತ್ತದೆ, ಅಲ್ಲಿಗೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿ. ಮೂರು ಸಲ ಬಿಟ್ಟು, ಅಳತೆ ಬರೆದು, ಸರಾಸರಿ ತೆಗೆಸಿ.

ಆಮೇಲೆ ನಾಲ್ಕು ನೋಟ್‌ಬುಕ್ ಇಡಿ. ಎತ್ತರ ಎರಡರಷ್ಟಾದರೆ ಕಾರು ಹೋಗುವ ದೂರವೂ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಕೊನೆಗೆ ನೆಲಕ್ಕೆ ಗೋಣಿಚೀಲ ಹಾಸಿ ಬಿಡಿ. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಚೀಲದ ಮೇಲೆ ಅಂಗೈ ಉಜ್ಜಿ ನೋಡಿ, "ಚೀಲ ಕಾರ್ನ ಹಿಡ್ಕತದೆ ಸಾ" ಅಂದಳು. ಘರ್ಷಣೆ ಅನ್ನುವ ಪದವನ್ನು ಅದಾದ ಮೇಲೆ ಬೋರ್ಡಿನಲ್ಲಿ ಬರೆದೆ. ಯಾರೂ ಮರೆಯಲಿಲ್ಲ.

ಲೆಕ್ಕಕ್ಕೆ ನಮ್ಮ ಕಡೆ ಟ್ರಾಕ್ಟರಿಗಿಂತ ಒಳ್ಳೆಯದು ಬೇರೆ ಇಲ್ಲ. ಕಬ್ಬಿನ ಲೋಡು ಫ್ಯಾಕ್ಟರಿಗೆ ಹೋದಾಗ ಮೊದಲು ತುಂಬಿದ ಗಾಡಿ ತೂಗುತ್ತಾರೆ, ಇಳಿಸಿದ ಮೇಲೆ ಖಾಲಿ ಗಾಡಿ ತೂಗುತ್ತಾರೆ, ಕಳೆದರೆ ಕಬ್ಬಿನ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಆಟದ ಟ್ರಾಕ್ಟರ್ ಟ್ರೇಲರಿಗೆ ಕಡ್ಡಿ ತುಂಬಿ ಇದನ್ನೇ ಮಾಡಿಸಿ. ಅಪ್ಪನ ಜೊತೆ ಲೋಡಿನ ಮೇಲೆ ಹೋಗಿ ಬಂದ ಮಕ್ಕಳು ನನಗೇ ಪಾಠ ಹೇಳಿಕೊಟ್ಟಿದ್ದಾರೆ!

ಇನ್ನು ಅಳತೆ. ಪುಟ್ಟ ಕಾರಿನ ಡಬ್ಬಿಯ ಮೇಲೆ 1:64 (ಅಂದರೆ ನಿಜವಾದ ಕಾರಿನ 64ರಲ್ಲಿ ಒಂದು ಪಾಲು ಉದ್ದ) ಅಂತ ಇದ್ದರೆ ಕಾರಿನ ಉದ್ದವನ್ನು 64ರಿಂದ ಗುಣಿಸಿ, ಬೀದಿಯಲ್ಲಿ ನಿಂತ ಅದೇ ಮಾಡೆಲ್ ಅಳೆಯಲಿ. ಒಂದು ಎಚ್ಚರಿಕೆ: ಎಲ್ಲಾ ಪುಟ್ಟ ಕಾರುಗಳೂ ನಿಜಕ್ಕೂ 1:64 ಅಲ್ಲ. ಪ್ಯಾಕೆಟ್ಟಿಗೆ ಹಿಡಿಸಲಿ ಅಂತ ಬಸ್ಸು ಲಾರಿಗಳನ್ನು ಜಾಸ್ತಿ ಕುಗ್ಗಿಸಿರುತ್ತಾರೆ. ಲೆಕ್ಕ ತಾಳೆ ಆಗದಿದ್ದರೆ ಮಗುವನ್ನು ಬೈಯಬೇಡಿ. ಯಾಕೆ ತಾಳೆ ಆಗಲಿಲ್ಲ ಅಂತ ಹುಡುಕುವುದೂ ಒಳ್ಳೆ ಪಾಠವೇ ಅಲ್ವಾ.

ಸಮಾಜ ವಿಜ್ಞಾನಕ್ಕೆ ನಂಬರ್ ಪ್ಲೇಟು ಸಾಕು. ಚಿಕ್ಕ ಚೀಟಿ ಅಂಟಿಸಿ ಮಂಡ್ಯಕ್ಕೆ ಕೆಎ 11, ಮೈಸೂರಿಗೆ ಕೆಎ 09, ಕೆಎ 55, ಹಾಸನಕ್ಕೆ ಕೆಎ 13, ಚಾಮರಾಜನಗರಕ್ಕೆ ಕೆಎ 10 ಬರೆಸಿ. ನೆಲದ ಮೇಲೆ ಎಳೆದ ನಕ್ಷೆಯಲ್ಲಿ ಪ್ರತಿ ಕಾರನ್ನೂ ಅದರ ಜಿಲ್ಲೆಗೆ ಕರೆದುಕೊಂಡು ಹೋಗಲಿ. ಚಿಕ್ಕ ಮಕ್ಕಳಿದ್ದರೆ ಕಾಗುಣಿತದ ಪಾರ್ಕಿಂಗ್ ಮಾಡಿ: ನೆಲದ ಮೇಲೆ ಚೌಕ ಎಳೆದು ಒಂದೊಂದರಲ್ಲಿ ಒಂದೊಂದು ಅಕ್ಷರ ಬರೆಯಿರಿ, ನೀವು "ಕೀ" ಅಂದರೆ ಕಾರು ಆ ಚೌಕಕ್ಕೇ ಬಂದು ನಿಲ್ಲಬೇಕು.

ಬರವಣಿಗೆ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಪ್ರತಿ ಆಟದ ನಂತರ ಒಂದು ಪುಟ ಬರೆಯಿರಿ ಅಂದೆ. ಎರಡೇ ವಾರದಲ್ಲಿ ಮಕ್ಕಳು ಕಾರು ತರುವುದನ್ನೇ ನಿಲ್ಲಿಸಿದರು. ಈಗ ಮೂರೇ ಸಾಲು: ಏನು ಅಂದುಕೊಂಡೆ, ಏನಾಯಿತು, ಯಾಕೆ. ವಾರಕ್ಕೆ ಎರಡು ಸಲ ಸಾಕು. ಉಳಿದ ಹೊತ್ತು ಕಾರು ಅವನದ್ದೇ, ಯಾವ ಪ್ರಶ್ನೆಯೂ ಬೇಡ.

ನಿಮ್ಮ ಮಗನಿಗೆ ಈ ಕಥೆಯನ್ನೂ ಹೇಳಿ. ಇಂಗ್ಲೆಂಡಿನಲ್ಲಿ ಜ್ಯಾಕ್ ಓಡೆಲ್ ಎಂಬ ಆಟಿಕೆ ತಯಾರಕರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಗೆ ಮಾತ್ರ ಅನುಮತಿ ಇತ್ತು. ಅಪ್ಪ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. ಅಲ್ಲಿಂದಲೇ 1953ರಲ್ಲಿ ಮ್ಯಾಚ್‌ಬಾಕ್ಸ್ (ಬೆಂಕಿಪೊಟ್ಟಣ) ಎಂಬ ಹೆಸರಿನ ಪುಟ್ಟ ಕಾರುಗಳು ಬಂದವು.

ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಕಳಚುವ ಚಕ್ರದ ಕಾರು ಅದರ ಕೈಗೆ ಸಿಗದಂತೆ ನೋಡಿಕೊಳ್ಳಿ. ಕಾರು ಓರೆಯಾಗಿ ಓಡಿದರೆ ಚಕ್ರದ ಅಚ್ಚಿಗೆ ಕೂದಲು ಸುತ್ತಿರಬಹುದು, ಚಿಮಟದಲ್ಲಿ ತೆಗೆಯಿರಿ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ, ಧೂಳು ಹಿಡಿದು ಚಕ್ರ ಇನ್ನೂ ಬಿಗಿಯಾಗುತ್ತದೆ. ಭಾನುವಾರ ಹಲಗೆ ಇಟ್ಟು ನೋಡಿ, ಅವನ ಗೆರೆ ಎಷ್ಟು ಹತ್ತಿರ ಬಂತು ಅಂತ ಇಲ್ಲಿ ಬರೆಯಿರಿ.