ಕೇಳಿ, ಹೇಳ್ತೇವೆ: ಆ ಒಂದು ಹಾಡಿನ ಆಚೆ

ಪ್ರಶ್ನೆ: 2013ರಲ್ಲಿ ನಾನು ರಾಗ ಹಾಕಿ ಹಾಡಿದ ಕೊಡವ ಹಾಡೊಂದು ಊರಿಗೆಲ್ಲ ಗೊತ್ತು. ಸಾಹಿತ್ಯ ಗೆಳೆಯನದು. ಆಮೇಲಿನ ನಾಲ್ಕು ಹಾಡುಗಳನ್ನು ಯಾರೂ ಕೇಳಲಿಲ್ಲ. ಸಂತೆಗೆ ಹೋದರೂ ಆ ಹಾಡಿನ ಮೊದಲ ಸಾಲೇ ನನ್ನ ಹೆಸರು! ಕಂಪನಿ ಕೊಟ್ಟದ್ದು ಒಂದೇ ಸಲದ ದುಡ್ಡು. ಮತ್ತೆ ಹಾಡಬೇಕೆಂದಿದೆ, ಎಲ್ಲಿಂದ ಶುರು ಮಾಡಲಿ?
– ಓದುಗ, ನಾಪೋಕ್ಲು

ಉತ್ತರ: ಮೊದಲು ಹಳೆಯ ಅಗ್ರಿಮೆಂಟ್ ಹುಡುಕಿ. ಧ್ವನಿಮುದ್ರಣ ದುಡ್ಡು ಹಾಕಿದವರದು, ಅದನ್ನು ಮುಟ್ಟುವಂತಿಲ್ಲ. ರಾಗದ ಲೆಕ್ಕ ಬೇರೆ. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಿಸಿಲ್ಲದಿದ್ದರೆ, ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ಹಾಗಿದ್ದಲ್ಲಿ ರಾಗದ ಹಕ್ಕು ನಿಮಗೇ ಮರಳಿರುತ್ತದೆ, ಗೆಳೆಯನ ಲಿಖಿತ ಒಪ್ಪಿಗೆ ಪಡೆದು ಅದೇ ಹಾಡನ್ನು ಹೊಸದಾಗಿ ಹಾಡಿಬಿಡಬಹುದು. 'ಶಾಶ್ವತವಾಗಿ' ಎಂಬ ಪದ ಕಂಡರೆ ವಕೀಲರಿಗೆ ತೋರಿಸಿ. ಆಗಲೂ ರಾಗ ಹಾಕಿದವರಿಗೂ ಬರೆದವರಿಗೂ ರಾಯಲ್ಟಿಯ ಪಾಲು ತಪ್ಪುವುದಿಲ್ಲ. 2012ರ ತಿದ್ದುಪಡಿಯ ನಂತರ ಅದನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ನಿಲ್ಲದು. ಇಬ್ಬರೂ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಿ ಹಾಡನ್ನು ನೋಂದಾಯಿಸಿ.

ಆ ಹಾಡನ್ನು ಹಾಡುವುದಿಲ್ಲ ಎಂದು ಹಟ ಹಿಡಿಯಬೇಡಿ. ಮೊದಲೇ ಹಾಡಿದರೆ ಅರ್ಧ ಸಭೆ ಊಟದ ಪಂದಿ ಕರಿಯ (ಹಂದಿ ಸಾರಿನ) ಕಡೆ ಎದ್ದು ಹೋಗುತ್ತದೆ. ಕೊನೆಗಿಟ್ಟರೆ ಅಲ್ಲಿಯವರೆಗೆ ಅದನ್ನೇ ಕೂಗುತ್ತಾರೆ. ಎಂಟು ಹಾಡಿನ ಕಾರ್ಯಕ್ರಮದಲ್ಲಿ ಆರನೆಯದಾಗಿಡಿ. ಅದು ಮುಗಿದ ಕೂಡಲೇ, ನಡುವೆ ಮಾತಾಡದೆ, ಅದೇ ಶ್ರುತಿ ಅದೇ ಲಯದ ಹೊಸ ಹಾಡು ಎತ್ತಿಕೊಳ್ಳಿ. ಗಂಟಲು ಮೊದಲಿನಂತಿಲ್ಲದಿದ್ದರೆ ಸಿ ಶಾರ್ಪ್‌ನಿಂದ 'ಬಿ'ಗೆ ಶ್ರುತಿ ಇಳಿಸಿ. ಕೇಳುವವರಿಗೆ ಗೊತ್ತಾಗುವುದಿಲ್ಲ, ಮೇಲಿನ ಸ್ವರ ಒಡೆದರೆ ಎಲ್ಲರಿಗೂ ಗೊತ್ತಾಗುತ್ತದೆ.

ಎಂಟು ಹಾಡಿನ ಆಲ್ಬಂ ಬೇಡ. ಆರು ವಾರಕ್ಕೊಂದರಂತೆ ಬಿಡಿ. ಇಲ್ಲಿ ಸುಮಾರು ಜನ ಎಡವುವುದು ಹೆಸರಿನಲ್ಲಿ: ಹಳೆಯ ಹಾಡಿಗೆ ಒಕ್ಕದ (ಮನೆತನದ) ಹೆಸರು ಸೇರಿಸಿ, ಹೊಸದಕ್ಕೆ ಬಿಟ್ಟರೆ ಹಾಡು ಕೇಳಿಸುವ ಆ್ಯಪ್‌ಗಳು ಇಬ್ಬರು ಗಾಯಕರೆಂದುಕೊಂಡು ಬೇರೆ ಪುಟ ತೆರೆಯುತ್ತವೆ. ಹಳೆಯ ಕೇಳುಗರಿಗೆ ಹೊಸ ಹಾಡು ಕಾಣಿಸುವುದೇ ಇಲ್ಲ. ಸ್ಪೆಲ್ಲಿಂಗ್ ಒಂದಕ್ಷರವೂ ಬದಲಾಗಬಾರದು. ಬಿಡುಗಡೆಗೆ ಮೂರ್ನಾಲ್ಕು ವಾರ ಮೊದಲೇ ಕಳಿಸಿ. ಸ್ಪಾಟಿಫೈನ ಪ್ಲೇಲಿಸ್ಟ್‌ಗೆ ಸೇರಿಸಿ ಎಂಬ ಕೋರಿಕೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ತಲುಪಬೇಕು. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಾತ್ರ ಬಿಡಬೇಡಿ. ಮದುವೆಯಿಲ್ಲ, ಕಾರ್ಯಕ್ರಮವಿಲ್ಲ, ಗದ್ದೆಯಲ್ಲಿರುವವರು ಹಾಡು ಹುಡುಕುವುದಿಲ್ಲ.

ಪ್ರಶ್ನೆ: ಹತ್ತು ವರ್ಷದ ನಂತರ ಮತ್ತೆ ಹಾಡುತ್ತಿದ್ದೇನೆ. ಮನೆಯಲ್ಲೇ ರೆಕಾರ್ಡ್ ಮಾಡಿದರೆ ಹಿಂದೆ ಗುಂಯ್ ಎನ್ನುತ್ತದೆ. ಯಾಕೆ?
– ಓದುಗರು, ಶನಿವಾರಸಂತೆ

ಉತ್ತರ: ಕರೆಂಟ್ ಹೋದಾಗ ಮಾತ್ರವಾದರೆ ಇನ್ವರ್ಟರ್‌ನದು. ಸ್ಕ್ವೇರ್ ವೇವ್ ಇನ್ವರ್ಟರ್‌ನ ಕಂಪನ ಚಾರ್ಜರ್ ಮೂಲಕ ಮೈಕ್‌ಗೆ ಸೇರುತ್ತದೆ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ. ಬಾಯಿಗೂ ಮೈಕ್‌ಗೂ ಒಂದು ಗೇಣು ಅಂತರವಿರಲಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್ ಇಟ್ಟು, ಜೋರಿನ ಸಾಲಿನಲ್ಲೂ ದನಿಯ ಮೀಟರ್ ಮೈನಸ್ 6 ಡಿಬಿ ದಾಟದಂತೆ ನೋಡಿಕೊಳ್ಳಿ. ತಗಡಿನ ಮಾಡಿನ ಮೇಲೆ ಬೀಳುವ ಮಳೆಯನ್ನು ಯಾವ ಸಾಫ್ಟ್‌ವೇರ್ ತೆಗೆದರೂ ಜೊತೆಗೆ ದನಿಯನ್ನೂ ಸವೆಸುತ್ತದೆ, ಮಳೆ ಬಿಡುವವರೆಗೆ ಕಾಯಿರಿ. ಸಂಜೆ ಜೀರುಂಡೆ ಶುರುವಾಗುವ ಮುಂಚೆ ಮುಗಿಸಿ. ಗುಂಯ್ ಬದಲು ಚಿಟಪಟ ಎಂದರೆ ಕಂಡೆನ್ಸರ್ ಮೈಕ್‌ಗೆ ತೇವ ಹಿಡಿದಿದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು ನೋಡಿ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ, ಹೊಗೆಯ ಜಿಡ್ಡು ಒಳಗಿನ ತೆಳುಪರದೆಗೆ ಅಂಟಿಕೊಳ್ಳುತ್ತದೆ.