ಹೊಡೆತಕ್ಕೆ ಮುಂಚಿನ 24 ಫ್ರೇಮ್

ಓದುಗರ ಪತ್ರ: 14 ವರ್ಷದ ಮಗ ‘ಡ್ರ್ಯಾಗನ್ ಬಾಲ್ ಸೂಪರ್: ಬ್ರೋಲಿ’ ಸಿನಿಮಾವನ್ನು ನಾಲ್ಕೈದು ಸಲ ನೋಡಿದ. ಈಗ ಅವೇ ಪಾತ್ರಗಳು ಬಡಿದಾಡುವ ‘ಡ್ರ್ಯಾಗನ್ ಬಾಲ್ ಫೈಟರ್‌ಝಡ್’ ಆಟ ಹಿಡಿದು ಕೂತಿದ್ದಾನೆ. ಸಿನಿಮಾದಲ್ಲಿ ಕಥೆಯಾದರೂ ಇತ್ತು. ಇಲ್ಲಿ ಬಟನ್ ಕುಟ್ಟುವುದು ಬಿಟ್ಟು ಏನಿದೆ? ಇನ್ನೊಂದು ಕಂಟ್ರೋಲರ್ ಬೇರೆ ಬೇಕಂತೆ. ಕೊಡಿಸಲೇ?
– ಒಬ್ಬ ತಾಯಿ, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ. ಈ ಆಟವನ್ನು ನಾನು ಮೊದಲು ಆಡಿದ್ದು ಅಕ್ಕನ ಮನೆಯ ಹಾಲ್‌ನಲ್ಲಿ, ಅವಳ ಮಗನ ಎದುರು. ನಾನೂ ಬಟನ್ ಕುಟ್ಟಿದೆ. ಇಬ್ಬರಿಗೂ ಮೂರು ಮೂರು ಜನರ ತಂಡ. ನನ್ನ ಮೂವರೂ ನೋಡನೋಡುತ್ತಲೇ ನೆಲಕ್ಕುರುಳಿದರು. “ಮಾವ, ಹೊಡೀಬೇಡಿ. ಸುಮ್ನೆ ತಡೀತಾ ನನ್ನ ಪಾತ್ರದ ಕೈ ನೋಡಿ” ಅಂದ ಹುಡುಗ. ಅಂದಿನಿಂದ ನನಗೆ ಈ ಆಟ ಬೇರೆಯಾಗಿಯೇ ಕಾಣುತ್ತಿದೆ.

ಅನಿಮೇಷನ್ ಕಲಾವಿದರು ಗುದ್ದನ್ನು ಬರೆಯುವ ಮುಂಚೆ ಕೈ ಹಿಂದಕ್ಕೆ ಹೋಗುವುದನ್ನು ಬರೆಯುತ್ತಾರೆ. ಅದಿಲ್ಲದಿದ್ದರೆ ಗುದ್ದಿಗೆ ತೂಕವೇ ಬರುವುದಿಲ್ಲ. ಸಿನಿಮಾದಲ್ಲಿ ಆ ಹಿಂದೆಳೆತವನ್ನು ನಾವು ನೋಡಿ ಮುಂದೆ ಹೋಗುತ್ತೇವೆ. ಆಟದಲ್ಲಿ ಅದೇ ನಮ್ಮ ಪಾಲಿನ ಸಮಯ. ಇಲ್ಲಿ ತೆರೆಯ ಮೇಲೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರಗಳು ಓಡುತ್ತವೆ. ಸಾಮಾನ್ಯವಾಗಿ ನಮ್ಮ ಪಾತ್ರವನ್ನು ಕುಕ್ಕರಗಾಲಲ್ಲಿ ಕೂರಿಸಿ ಏಟು ತಡೆಯುತ್ತಿರುತ್ತೇವೆ. ಆದರೆ ಮೇಲಿನಿಂದ ಬೀಳುವ ಒಂದು ಪಟ್ಟು ಎಲ್ಲ ಪಾತ್ರಗಳಿಗೂ ಇದೆ. ಅದನ್ನು ಎದ್ದು ನಿಂತೇ ತಡೆಯಬೇಕು. ಅದು ತಾಗಲು 24 ಫ್ರೇಮ್ ಬೇಕು, ಅಂದರೆ 0.4 ಸೆಕೆಂಡ್. ಕಣ್ಣಿಗೆ ಬಿದ್ದದ್ದಕ್ಕೆ ಬೆರಳು ಓಗೊಡಲು ನಮಗೆ ಸುಮಾರು ಕಾಲು ಸೆಕೆಂಡ್, ಅಂದರೆ 15 ಫ್ರೇಮ್ ಹಿಡಿಯುತ್ತದೆ. ಉಳಿಯುವುದು ಒಂಬತ್ತು. ಹೊಡೆತ ಗುರಿ ತಪ್ಪಿದರೆ ಹೊಡೆದವನ ಮೈ ಮೊದಲಿನ ಭಂಗಿಗೆ ಮರಳಲೂ ಹೊತ್ತು ಬೇಕು. ತಿರುಗೇಟಿಗೆ ಅದೇ ಸಂದು. ಬಟನ್ ಕುಟ್ಟುವವನು ಸೋಲುವುದೇ ಅಲ್ಲಿ.

2018ರಲ್ಲಿ ಇದನ್ನು ಮಾಡಿದ್ದು ಜಪಾನಿನ ಆರ್ಕ್ ಸಿಸ್ಟಮ್ ವರ್ಕ್ಸ್. ಕೈಯಲ್ಲಿ ಬರೆದಂತೆ ಕಂಡರೂ ಎಲ್ಲ ಪಾತ್ರಗಳೂ 3ಡಿ ಗೊಂಬೆಗಳೇ. ಇಂಥ ಗೊಂಬೆಗಳ ಎರಡು ಭಂಗಿಗಳ ನಡುವಿನ ಚಲನೆಯನ್ನು ಕಂಪ್ಯೂಟರ್ ತಾನೇ ತುಂಬಬಲ್ಲದು. ಇವರು ಆ ಸೌಕರ್ಯ ಬಿಟ್ಟು ಒಂದೊಂದು ಭಂಗಿಯನ್ನೂ ತಾವೇ ಕೂರಿಸಿದರು, ಕೆಲವು ಫ್ರೇಮ್ ಹಾಗೇ ಹಿಡಿದು ಮುಂದಿನದಕ್ಕೆ ಹಾರಿಸಿದರು. ಚಿತ್ರದ ಹಾಳೆ ತಿರುವಿದ ಹಾಗೆ ಕಾಣುವುದು ಅದರಿಂದ. ಇಷ್ಟು ಶ್ರದ್ಧೆಯ ಕೆಲಸವನ್ನು ಹುಡುಗರ ಬಡಿದಾಟ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಕಥೆಯ ಮಾತು ಹೇಳಿದಿರಿ. ಸ್ಟೋರಿ ಮೋಡ್ ಇದೆ, ಆದರೆ ಅದು ಅಂಥಾದ್ದೇನಲ್ಲ. ನನಗೆ ಹಿಡಿಸಿದ್ದು ಬೇರೆ: ಬೇರೆಬೇರೆ ಕಾಲದ ಸಿನಿಮಾಗಳ ಪಾತ್ರಗಳು ಇಲ್ಲಿ ಎದುರುಬದುರಾಗುತ್ತವೆ. ಕೂಲರ್ 1991ರ ಚಿತ್ರದವನು, ಜನೆಂಬಾ 1995ರದ್ದು. ಬ್ರೋಲಿಯಂತೂ ಇಬ್ಬರು! ಒಬ್ಬ 1993ರ ಚಿತ್ರದವನು. ಇನ್ನೊಬ್ಬ ನಿಮ್ಮ ಮಗ ನೋಡಿದ 2018ರ ಚಿತ್ರದವನು. ಮೂಲ ಕಾಮಿಕ್ಸ್ ಬರೆದ ಅಕಿರಾ ತೊರಿಯಾಮ ಆ ಚಿತ್ರಕ್ಕಾಗಿ ತಾವೇ ಮತ್ತೆ ರೂಪಿಸಿದ ಬ್ರೋಲಿ ಅವನು. 2019ರ ಡಿಸೆಂಬರಿನಲ್ಲಿ ಆಟಕ್ಕೆ ಬಂದ. ಇಬ್ಬರ ನಿಲುವು, ಹೆಜ್ಜೆ, ಕೈ ಬೀಸುವ ರೀತಿಯಲ್ಲಿ ಏನು ಬದಲಾಗಿದೆ ಎಂದು ಮಗನನ್ನು ಕೇಳಿ ನೋಡಿ. ಸಿನಿಮಾ ಅಷ್ಟು ಸಲ ನೋಡಿದ ಹುಡುಗ, ಖಂಡಿತ ಹೇಳುತ್ತಾನೆ.

ಹಿಂಸೆಯ ಚಿಂತೆ ಇದ್ದರೆ: ಆಟಗಳು ಯಾವ ವಯಸ್ಸಿಗೆ ತಕ್ಕವು ಎಂದು ಹೇಳುವ ಯುರೋಪಿನ ಪೆಗಿ ಸಂಸ್ಥೆ ಇದನ್ನು 12 ವರ್ಷ ಮತ್ತು ಮೇಲಿನವರಿಗೆ ಎಂದು ಗುರುತಿಸಿದೆ. ನನ್ನ ಎಚ್ಚರಿಕೆ ದುಡ್ಡಿನ ಬಗ್ಗೆ. ಆ ಹೊಸ ಬ್ರೋಲಿಯಂಥ ಕೆಲವು ಪಾತ್ರಗಳನ್ನು ಬೇರೆಯಾಗಿ ಕಾಸು ಕೊಟ್ಟು ಕೊಳ್ಳಬೇಕು. ಕಾರ್ಡ್ ವಿವರ ಅದರಲ್ಲಿ ಉಳಿಸಿಡಬೇಡಿ. ರಾತ್ರಿ ಆನ್‌ಲೈನ್ ಆಟಕ್ಕೆ ಇಂತಿಷ್ಟೇ ಹೊತ್ತು ಎಂದು ಗೊತ್ತು ಮಾಡಿ, ಆಮೇಲೆ ಬಂದ್.

ಕಂಟ್ರೋಲರ್ ಕೊಡಿಸಿ. ಪಕ್ಕದಲ್ಲಿ ಕೂತವರೊಡನೆ ಆಡುವುದು ಮುಖ ಕಾಣದವರೊಡನೆ ಆಡುವುದಕ್ಕಿಂತ ಎಷ್ಟೋ ಮೇಲು. ಆದರೆ ಮೊದಲ ವಾರ ಅದನ್ನು ನೀವೇ ಹಿಡಿಯಿರಿ. ಟ್ರೈನಿಂಗ್ ಮೋಡ್‌ಗೆ ಹೋಗಿ, ಬೇರೆ ಏಟುಗಳ ನಡುವೆ ಆಗಾಗ ಮೇಲಿನಿಂದ ಬೀಳುವ ಆ ಪಟ್ಟು ಹಾಕಲು ಮಗನಿಗೆ ಹೇಳಿ. ನೀವು ಕೂತು ತಡೆಯುತ್ತಿರಿ, ಅವನ ಪಾತ್ರದ ಮೈ ಮೇಲೇಳುವುದು ಕಂಡ ಕೂಡಲೇ ಎದ್ದು ತಡೆಯಿರಿ. ನನಗೆ ಮೂರು ಸಂಜೆ ಹಿಡಿಯಿತು.