ಎಷ್ಟರಲ್ಲಿ ಎಷ್ಟು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಟಿವಿಯ ಆಹಾರ ಸುದ್ದಿಗಳನ್ನು ಕುರಿತವು. ಸರ್ಕಾರಿ ಪ್ರಯೋಗಾಲಯದಲ್ಲಿ 27 ವರ್ಷ ಆಹಾರ ವಿಶ್ಲೇಷಕಿಯಾಗಿದ್ದವಳು ನಾನು. ಈ ವಿಷಯದಲ್ಲಿ ನನಗೆ ಸಿಟ್ಟೂ ಇದೆ, ಹೇಳಲೇಬೇಕಾದ ಮಾತುಗಳೂ ಇವೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡಿದ್ದೇನೆ.

ಪ್ರಶ್ನೆ: ನ್ಯಾಯಬೆಲೆ ಅಂಗಡಿಯ ಅಕ್ಕಿ ತೊಳೆಯುವಾಗ ಕೆಲವು ಕಾಳುಗಳು ತೇಲುತ್ತವೆ. ಅದು ಪ್ಲಾಸ್ಟಿಕ್ ಅಕ್ಕಿ ಎಂದು ಟಿವಿಯಲ್ಲಿ ತೋರಿಸಿದರು. ನಮ್ಮ ಅತ್ತೆ ಎರಡು ತಿಂಗಳ ಅಕ್ಕಿಯನ್ನು ಕೋಳಿಗಳಿಗೆ ಹಾಕಿಬಿಟ್ಟರು. ತೇಲಿದ ಕಾಳುಗಳನ್ನು ಪೊಟ್ಟಣ ಕಟ್ಟಿ ಪತ್ರದ ಜೊತೆ ಇಟ್ಟಿದ್ದೇನೆ.
— ಗೃಹಿಣಿ, ಗುಬ್ಬಿ

ಉತ್ತರ: ಪೊಟ್ಟಣ ತಲುಪಿತು. ಇಪ್ಪತ್ತಮೂರು ಕಾಳುಗಳಿದ್ದವು. ನಾಲ್ಕನ್ನು ಅರೆದು ಅಯೋಡಿನ್ ಹನಿ ಹಾಕಿದೆ, ಕಡುನೀಲಿಯಾಯಿತು. ಪಿಷ್ಟ ಇದ್ದರೆ ಆಗುವ ಬಣ್ಣ ಅದು, ಪ್ಲಾಸ್ಟಿಕ್ ಹಾಗೆ ನೀಲಿಯಾಗುವುದಿಲ್ಲ. ಉಳಿದವನ್ನು ಬೇಯಿಸಿ ಹಿಸುಕಿದರೆ ಹಿಟ್ಟಾದವು.

ಅವು ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ, ಶಾವಿಗೆ ಒತ್ತುವ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸುತ್ತಾರೆ. ನೂರು ಕಾಳು ಅಕ್ಕಿಗೆ ಇಂಥದ್ದು ಒಂದು. ಹಿಟ್ಟಿನಿಂದ ಆದದ್ದರಿಂದ ಹಗುರ, ಬಣ್ಣವೂ ಸ್ವಲ್ಪ ಬೇರೆ. ಹೀಗಾಗಿ ತೇಲುತ್ತದೆ. ಪಡಿತರದ ಅಕ್ಕಿಗೆಲ್ಲ ಇದನ್ನು ಬೆರೆಸುವುದಾಗಿ ಪ್ರಧಾನಿ 2021ರ ಆಗಸ್ಟ್ 15ರ ಭಾಷಣದಲ್ಲೇ ಪ್ರಕಟಿಸಿದ್ದರು. ಅಂದರೆ ಗುಟ್ಟೇನೂ ಇರಲಿಲ್ಲ. ವರದಿಗಾರರು ಅಂಗಡಿಯ ಮುಂದೆ ಮೈಕು ಹಿಡಿಯುವ ಮೊದಲು ಆಹಾರ ಇಲಾಖೆಗೆ ಒಂದು ಫೋನ್ ಮಾಡಿದ್ದರೆ ನಿಮ್ಮ ಮನೆಯ ಅಕ್ಕಿ ಉಳಿಯುತ್ತಿತ್ತು.

2017ರ ಜೂನ್‌ನಲ್ಲಿಯೂ ಇದೇ ಆಗಿತ್ತು. ಆಗ ಸಾರವರ್ಧಿತ ಅಕ್ಕಿಯ ಮಾತಿರಲಿಲ್ಲ. ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆ ಎಸೆದು, ಪುಟಿಯಿತು ನೋಡಿ ಎಂದು ದಿನವಿಡೀ ತೋರಿಸಿದರು. ಬಿಸಿ ಅನ್ನವನ್ನು ಒತ್ತಿ ಉಂಡೆ ಮಾಡಿದರೆ ಪಿಷ್ಟದ ಅಂಟಿನಿಂದ ಅದು ಪುಟಿಯುತ್ತದೆ. ನಿಮ್ಮ ಮನೆಯ ಸೋನಾಮಸೂರಿಯಲ್ಲೇ ಮಾಡಿ ನೋಡಬಹುದು.

ಈ ಅಕ್ಕಿಯ ಬಗ್ಗೆ ಕೇಳಲೇಬೇಕಾದ ನಿಜವಾದ ಪ್ರಶ್ನೆಯೊಂದಿತ್ತು. ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗಳು ಇರುವವರಿಗೆ ಹೆಚ್ಚುವರಿ ಕಬ್ಬಿಣ ಹೊಂದುತ್ತದೆಯೇ ಎಂಬುದು. ಮೊದಲು ಚೀಲದ ಮೇಲೆ ಎಚ್ಚರಿಕೆಯ ಮಾತು ಕಡ್ಡಾಯವಾಗಿತ್ತು, ಅನಂತರ ಅದನ್ನು ಕೈಬಿಟ್ಟರು. ಹೆಗ್ಗಡದೇವನಕೋಟೆ, ಚಾಮರಾಜನಗರದ ಹಾಡಿಗಳಲ್ಲಿ ಕುಡಗೋಲು ಕಣದ ರೋಗಿಗಳಿದ್ದಾರೆ, ಅವರು ಉಣ್ಣುವುದೂ ಪಡಿತರದ ಅಕ್ಕಿಯನ್ನೇ. ಅಲ್ಲಿಗೆ ಕ್ಯಾಮೆರಾ ಹೋಗಿದ್ದನ್ನು ನಾನು ನೋಡಲಿಲ್ಲ. ನಿಮ್ಮ ಮನೆಯಲ್ಲಿ ಅಂಥ ಕಾಯಿಲೆ ಯಾರಿಗೂ ಇಲ್ಲದಿದ್ದರೆ ಧೈರ್ಯವಾಗಿ ಉಣ್ಣಿ. ಇದ್ದರೆ ವೈದ್ಯರನ್ನು ಕೇಳಿ. ಅತ್ತೆಯವರನ್ನು ಬೈಯಬೇಡಿ.

ಪ್ರಶ್ನೆ: ಹಾಲಿನಲ್ಲಿ ಯೂರಿಯಾ ಇದೆ ಎಂದು ಟಿವಿಯವರು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ನಾನು ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವವನು. ಅದನ್ನು ಕೇಳಿದಾಗಲೆಲ್ಲ ನನ್ನನ್ನೇ ಕಳ್ಳ ಎಂದಂತಾಗುತ್ತದೆ. ಹಾಲಿಗೆ ಯೂರಿಯಾ ಹಾಕುವುದು ನಿಜವೇ?
— ರೈತ, ಮದ್ದೂರು

ಉತ್ತರ: ಈ ಪ್ರಶ್ನೆ ನನ್ನನ್ನೂ ಚುಚ್ಚುತ್ತದೆ, ಏಕೆಂದರೆ ಆ ಸುದ್ದಿಗಳಲ್ಲಿ ಒಂದಕ್ಕೆ ನನ್ನ ದನಿಯೇ ಬಳಕೆಯಾಗಿದೆ.

ನಾನು ಕೆಲಸದಲ್ಲಿದ್ದಾಗ ಒಂದು ವಾಹಿನಿಯ ತಂಡ ನಾಲ್ಕು ಪ್ಯಾಕೆಟ್ ಹಾಲು ಹಿಡಿದು ಪ್ರಯೋಗಾಲಯಕ್ಕೆ ಬಂದಿತು. ಡಿಎಂಎಬಿ ದ್ರಾವಣ ಹಾಕಿದರೆ ಯೂರಿಯಾ ಇರುವ ಹಾಲು ಹಳದಿಯಾಗುತ್ತದೆ. ಒಳ್ಳೆಯ ಹಾಲೂ ತೆಳುವಾಗಿ ಹಳದಿಯಾಗುತ್ತದೆ, ಬೆರೆಸಿದ ಹಾಲು ದಟ್ಟ ಹಳದಿಯಾಗುತ್ತದೆ. ಆ ದಿನ ನಾಲ್ಕೂ ತೆಳು ಹಳದಿ. ನಾನು ಕ್ಯಾಮೆರಾದ ಮುಂದೆ ಹೇಳಿದ ವಾಕ್ಯ ಇದು: "ಹಾಲಿನಲ್ಲಿ ಯೂರಿಯಾ ಇದೆ, ಎಲ್ಲ ಹಾಲಿನಲ್ಲೂ ಸಹಜವಾಗಿಯೇ ಇರುತ್ತದೆ, ಕಾನೂನಿನ ಮಿತಿಯೊಳಗೇ ಇದೆ, ಹೆದರಬೇಕಾಗಿಲ್ಲ." ರಾತ್ರಿ ಪ್ರಸಾರವಾದದ್ದು ಮೊದಲ ಮೂರು ಪದಗಳು ಮಾತ್ರ. ಹಳದಿಯಾದ ಪರೀಕ್ಷಾ ನಳಿಕೆಯ ಸುತ್ತ ಕೆಂಪು ವೃತ್ತ, ಹಿನ್ನೆಲೆಯಲ್ಲಿ ಡಂಗುರದಂಥ ಸದ್ದು. ಮರುದಿನ ನಮ್ಮ ಬೀದಿಯ ಹಾಲಿನ ಬೂತಿನವರು ನನ್ನ ಮುಖ ನೋಡಲಿಲ್ಲ. ವಾಹಿನಿಗೆ ಮೂರು ಸಲ ಪತ್ರ ಬರೆದೆ. ಉತ್ತರ ಬರಲಿಲ್ಲ. ಅಂದಿನಿಂದ ಯಾರೇ ಮೈಕು ತಂದರೂ, ಮಧ್ಯದಲ್ಲಿ ಕತ್ತರಿಸಲಾಗದಷ್ಟು ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದನ್ನು ಕಲಿತೆ.

ಹಸು ತಿಂದ ಪ್ರೋಟೀನು ಅದರ ಮೈಯಲ್ಲಿ ಒಡೆದಾಗ ಯೂರಿಯಾ ಆಗುತ್ತದೆ, ಅದರ ಒಂದಂಶ ಹಾಲಿಗೂ ಇಳಿಯುತ್ತದೆ. ಹಿಂಡಿ, ಹಸಿರು ಮೇವು ಹೆಚ್ಚಾದರೆ ಅದೂ ಹೆಚ್ಚುತ್ತದೆ. ಹತ್ತು ಲಕ್ಷ ಭಾಗಕ್ಕೆ 700 ಭಾಗದವರೆಗೆ ಕಾನೂನು ಒಪ್ಪುತ್ತದೆ. ಗೊಬ್ಬರದ ಯೂರಿಯಾ ಬೆರೆಸುವ ಕಳ್ಳರು ದೇಶದಲ್ಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಎಷ್ಟರಲ್ಲಿ ಎಷ್ಟು ಎಂದು ಕೇಳಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಯೂರಿಯಾ ಬೆರೆಸಿದ್ದು ಎರಡರಲ್ಲಿ. ಆ 12 ಮಾದರಿಗಳು ತೆಲಂಗಾಣ, ಮಧ್ಯಪ್ರದೇಶ, ಕೇರಳದವು. ಕರ್ನಾಟಕದ್ದು ಒಂದೂ ಇರಲಿಲ್ಲ.

ಅದೇ ವರದಿಯಲ್ಲಿ ನಿಜಕ್ಕೂ ಹೆದರಬೇಕಾದ ಸಂಗತಿಯಿತ್ತು. 368 ಮಾದರಿಗಳಲ್ಲಿ ಅಫ್ಲಟಾಕ್ಸಿನ್ ಎಂ1 ಎಂಬ ವಿಷ ಮಿತಿಗಿಂತ ಹೆಚ್ಚಿತ್ತು. ಇದನ್ನು ಯಾರೂ ಹಾಲಿಗೆ ಹಾಕುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಮುಗ್ಗಿದ ಜೋಳ ತಿಂದ ಹಸುವಿನ ಹಾಲಿಗೆ ಅದು ತಾನೇ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಹಿಂಡಿ ಮೂಟೆಯನ್ನು ಗೋಡೆಗೆ ತಾಗದಂತೆ, ಹಲಗೆಯ ಮೇಲೆ ಇರಿಸಿ ಎಂದು ಒಂದೇ ಒಂದು ಸಂಜೆ ಟಿವಿಯಲ್ಲಿ ತೋರಿಸಿದ್ದರೆ ನಿಮ್ಮಂಥ ಸಾವಿರಾರು ಜನರಿಗೆ ಉಪಕಾರವಾಗುತ್ತಿತ್ತು. ಆದರೆ ಅದರಲ್ಲಿ ಹಿಡಿದು ತೋರಿಸಲು ಕಳ್ಳನಿಲ್ಲ. ಕಳ್ಳನಿಲ್ಲದ ಅಪಾಯವನ್ನು ಸುದ್ದಿ ಮಾಡುವುದು ನಮ್ಮ ವಾಹಿನಿಗಳಿಗೆ ಇನ್ನೂ ಒಲಿದಿಲ್ಲ.

ಪ್ರಶ್ನೆ: 2024ರ ಅಕ್ಟೋಬರ್‌ನಲ್ಲಿ 'ಕೇಕ್ ತಿಂದರೆ ಕ್ಯಾನ್ಸರ್' ಎಂಬ ಸುದ್ದಿ ಬಂದ ವಾರ ನನ್ನ ಬೇಕರಿಯಲ್ಲಿ ಹುಟ್ಟುಹಬ್ಬದ ಹದಿನಾಲ್ಕು ಕೇಕ್‌ಗಳ ಬೇಡಿಕೆ ರದ್ದಾಯಿತು. ಆ ಸುದ್ದಿ ಸುಳ್ಳೇ?
— ಬೇಕರಿ ಮಾಲೀಕ, ಶಿವಮೊಗ್ಗ

ಉತ್ತರ: ಸುಳ್ಳಲ್ಲ. ಮೊಟಕು ಮಾಡಿದ ಸತ್ಯ. ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿತು, 12 ಅಸುರಕ್ಷಿತ ಎಂದಿತು. 223 ಸರಿಯಾಗಿದ್ದವು. ಅದೇ ವರ್ಷದ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಕಾಟನ್ ಕ್ಯಾಂಡಿಯ 25ರಲ್ಲಿ 15. ಮೂರಕ್ಕೆ ಎರಡರಷ್ಟು ಕೆಟ್ಟಿರುವ ತಿನಿಸಿಗೂ ಇಪ್ಪತ್ತಕ್ಕೆ ಒಂದು ಕೆಟ್ಟಿರುವ ತಿನಿಸಿಗೂ ಒಂದೇ ದನಿ, ಒಂದೇ ಕೆಂಪು ಅಕ್ಷರ, ಒಂದೇ 'ಕ್ಯಾನ್ಸರ್' ಶೀರ್ಷಿಕೆ. ಹೀಗಾದರೆ ನೋಡುವವರು ಎರಡರ ನಡುವಿನ ವ್ಯತ್ಯಾಸವನ್ನು ತಿಳಿಯುವುದು ಹೇಗೆ?

ಬಣ್ಣದಲ್ಲಿಯೂ ವ್ಯತ್ಯಾಸವಿದೆ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿದ್ದು ರೊಡಮೈನ್-ಬಿ, ಬಟ್ಟೆಗೆ ಹಾಕುವ ಬಣ್ಣ. ಆಹಾರಕ್ಕೆ ಅದು ಒಂದು ಚಿಟಿಕೆಯೂ ಸಲ್ಲದು. ಕೇಕ್‌ಗಳ ವರದಿಯಲ್ಲಿದ್ದ ಹೆಸರುಗಳು ಅಲ್ಲೂರಾ ರೆಡ್, ಸನ್‌ಸೆಟ್ ಯೆಲ್ಲೊ, ಟಾರ್ಟ್ರಜೀನ್ ಮುಂತಾದವು. ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಕಾನೂನು ಒಪ್ಪುವ ಬಣ್ಣಗಳಿವು, ಅಳತೆ ಮೀರಿದರೆ ತಪ್ಪು. ಇನ್ನೊಂದು ಮಾತು. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ 'ಅಸುರಕ್ಷಿತ', 'ಕಳಪೆ', 'ತಪ್ಪು ಲೇಬಲ್' ಎಂಬ ಮೂರು ಬೇರೆ ಬೇರೆ ವರ್ಗಗಳಿವೆ. ನಾವು ವರದಿಗೆ ಸಹಿ ಹಾಕುವಾಗ 'ಅಸುರಕ್ಷಿತ' ಎಂಬ ಪದದ ಮೇಲೆ ಕೈ ತಡೆಯುತ್ತಿತ್ತು, ಏಕೆಂದರೆ ಅದಕ್ಕೆ ಜೈಲು, ಉಳಿದವಕ್ಕೆ ದಂಡ. ತುಪ್ಪದ ಡಬ್ಬದ ಮೇಲೆ ತಯಾರಿಕೆಯ ದಿನಾಂಕ ಇಲ್ಲದಿದ್ದರೂ ಟಿವಿಯಲ್ಲಿ ಅದು 'ವಿಷ'ವಾಗುತ್ತದೆ.

ಇಷ್ಟು ಹೇಳಿ ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ನಿಮ್ಮ ರೆಡ್ ವೆಲ್ವೆಟ್ ಕೇಕಿಗೆ ಬಣ್ಣವನ್ನು ತೂಕ ಮಾಡಿ ಹಾಕುತ್ತೀರಾ, ಕಣ್ಣಳತೆಯಲ್ಲಿ ಹಾಕುತ್ತೀರಾ? ಸಣ್ಣ ತಕ್ಕಡಿಯೊಂದನ್ನು ಕೊಳ್ಳಿ. ಆ ಗೋಬಿ ಗಾಡಿಗಳ ಸುದ್ದಿಯಲ್ಲಿ ನನಗೆ ಉಳಿದ ಬೇಸರವೂ ಇದೇ ಬಗೆಯದು. ಬಾಣಲೆಯ ಮುಂದೆ ನಿಂತ ಹುಡುಗನ ಮುಖವನ್ನು ರಾಜ್ಯವೆಲ್ಲ ನೋಡಿತು. ಅವನಿಗೆ ಬಣ್ಣದ ಪುಡಿ ಮಾರಿದ ಸಗಟು ಅಂಗಡಿಯ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಪ್ರಶ್ನೆ: ಬೆಳಗ್ಗೆ ಟಿವಿಯಲ್ಲಿ ವೈದ್ಯರೊಬ್ಬರು ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ ಎನ್ನುತ್ತಾರೆ. ಸುದ್ದಿ ವಾಹಿನಿಯಲ್ಲೇ ಬರುವುದರಿಂದ ನಂಬಬಹುದೇ?
— ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ದಯವಿಟ್ಟು ನಂಬಬೇಡಿ, ನಿಮ್ಮ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಪ್ರಾಯೋಜಿತ' ಎಂದಿದೆಯೇ ನೋಡಿ. ಆ ಅರ್ಧ ಗಂಟೆಯನ್ನು ದುಡ್ಡು ಕೊಟ್ಟು ಕೊಂಡಿರುತ್ತಾರೆ. ಮಧುಮೇಹ, ಕ್ಯಾನ್ಸರ್ ಮುಂತಾದ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ವಾಹಿನಿಯ ಹೆಸರು, ದಿನಾಂಕ, ಸಮಯ ಹೇಳಿ. ಬೆಳಗ್ಗೆ ಆ ಔಷಧಿ ಮಾರಿ ರಾತ್ರಿ 'ನಕಲಿ ವೈದ್ಯರ ಹಾವಳಿ' ಎಂದು ಚರ್ಚೆ ನಡೆಸುವ ವಾಹಿನಿಯ ಬಗ್ಗೆ ನನಗೆ ಗೌರವ ಉಳಿದಿಲ್ಲ.

ಪ್ರಶ್ನೆ: ಟೊಮೆಟೊ ಬೆಲೆ ಏರಿದಾಗ ಬರುವ ಟಿವಿಯವರು ನಾವು ರಸ್ತೆಗೆ ಸುರಿಯುವಾಗ ಎಲ್ಲಿರುತ್ತಾರೆ?
— ಬೆಳೆಗಾರ, ಶ್ರೀನಿವಾಸಪುರ

ಉತ್ತರ: 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿದಾಗ ಎಲ್ಲ ವಾಹಿನಿಗಳೂ ಅಲ್ಲಿದ್ದವು. ಹೊಲಕ್ಕೆ ಕಾವಲು, ಟೊಮೆಟೊ ಕಳವು, ಕೋಟ್ಯಧಿಪತಿ ರೈತ, ಎಲ್ಲವೂ ಬಂದವು. ಬೆಲೆ ಇಳಿದ ದಿನ ಗ್ರಾಹಕನಿಗೆ ತೊಂದರೆಯಿಲ್ಲ, ಆದ್ದರಿಂದ ಅವರ ಲೆಕ್ಕದಲ್ಲಿ ಅದು ಸುದ್ದಿಯಲ್ಲ. ನಿಮ್ಮ ಕೈಗೆ ಬಂದ ಬೆಲೆ, ಬೆಂಗಳೂರಿನ ತಳ್ಳುಗಾಡಿಯ ಬೆಲೆ, ಈ ಎರಡನ್ನು ಪ್ರತಿ ದಿನ ಅಕ್ಕಪಕ್ಕ ತೋರಿಸಿದರೆ ಸಾಕು, ಅದೇ ದೊಡ್ಡ ಗ್ರಾಹಕ ವರದಿಯಾಗುತ್ತದೆ. ನೀವು ಹರಾಜಿನ ಚೀಟಿಗಳನ್ನು ಕೂಡಿಟ್ಟು ನನಗೆ ಕಳಿಸಿ. ಈ ಪುಟದಲ್ಲಿ ನಾನು ಅಚ್ಚು ಮಾಡಿಸುತ್ತೇನೆ.

ಪ್ರಶ್ನೆ: ಟಿವಿಯವರಲ್ಲಿ ಒಳ್ಳೆಯವರೇ ಇಲ್ಲವೇ?
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದ್ದಾರೆ. ಕೇಕ್ ಸುದ್ದಿಯ ಸಂಜೆ ಒಬ್ಬ ತರುಣ ವರದಿಗಾರ ನನಗೆ ಫೋನ್ ಮಾಡಿ, "ಮೇಡಂ, ಹನ್ನೆರಡು ಎಂದರೆ ಎಷ್ಟರಲ್ಲಿ?" ಎಂದು ಕೇಳಿದ. ಅವನು ಬರೆದುಕೊಟ್ಟ 235 ಎಂಬ ಅಂಕಿಯನ್ನು ಸುದ್ದಿ ತಿದ್ದುವ ಡೆಸ್ಕಿನಲ್ಲಿ ತೆಗೆದುಹಾಕಿದರಂತೆ. ರಾತ್ರಿ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದ. ನೀನೇಕೆ ಕೇಳುತ್ತೀಯಪ್ಪ ಎಂದೆ. ನೀವು ಡೆಸ್ಕಿನಲ್ಲಿ ಕೂರುವ ದಿನ ಆ ಅಂಕಿಯನ್ನು ಉಳಿಸಿಕೊಳ್ಳಿ.

ಪ್ರಶ್ನೆ: ತಪ್ಪು ಸುದ್ದಿ ಬಂದರೆ ಎಲ್ಲಿ ದೂರಬೇಕು? ಪ್ರೆಸ್ ಕೌನ್ಸಿಲ್‌ಗೆ ಬರೆದರೆ ಆಗುತ್ತದೆಯೇ?
— ವಕೀಲರ ಗುಮಾಸ್ತ, ದಾವಣಗೆರೆ

ಉತ್ತರ: ಪ್ರೆಸ್ ಕೌನ್ಸಿಲ್ ಪತ್ರಿಕೆಗಳಿಗೆ ಮಾತ್ರ, ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಮೊದಲು ವಾಹಿನಿಗೇ ಬರೆಯಿರಿ, ಪ್ರಸಾರವಾದ ಏಳು ದಿನಗಳೊಳಗೆ. ತೃಪ್ತಿಯಾಗದಿದ್ದರೆ ಎನ್‌ಬಿಡಿಎಸ್‌ಎಗೆ ಬರೆಯಿರಿ. ಇದು ಸುದ್ದಿ ವಾಹಿನಿಗಳೇ ಕಟ್ಟಿಕೊಂಡ ಸ್ವನಿಯಂತ್ರಣ ಪ್ರಾಧಿಕಾರ, ಸದಸ್ಯ ವಾಹಿನಿಗಳ ಮೇಲೆ ಮಾತ್ರ ಅದರ ಮಾತು ನಡೆಯುತ್ತದೆ. ಅದು ಆಗ ಹಾಕಬಹುದಾಗಿದ್ದ ಒಂದು ಲಕ್ಷ ರೂಪಾಯಿ ದಂಡ ಯಾರನ್ನು ತಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಆಕ್ಷೇಪಿಸಿತ್ತು. ಆದರೂ ಬರೆಯಿರಿ. ದಿನಾಂಕ, ಗಂಟೆ, ನಿರೂಪಕರು ಹೇಳಿದ ಮಾತನ್ನು ಹಾಗೆಯೇ ಬರೆದಿಡಿ, ಪರದೆಯ ಚಿತ್ರ ತೆಗೆದಿಡಿ. ನಾನು ಅಂದು ಮೂರು ಪತ್ರ ಬರೆದರೂ ಪ್ರಸಾರದ ಒಂದು ತುಣುಕನ್ನೂ ಉಳಿಸಿಕೊಂಡಿರಲಿಲ್ಲ.

ಪ್ರಶ್ನೆ: ನಾನು ಆರನೆಯ ತರಗತಿಯಲ್ಲಿದ್ದಾಗ ಅಮ್ಮ ಮ್ಯಾಗಿ ಪೊಟ್ಟಣಗಳನ್ನು ಕಸಕ್ಕೆ ಎಸೆದಿದ್ದರು. ಕೊನೆಗೆ ಅದರಲ್ಲಿ ಸೀಸ ಇತ್ತೇ, ಇರಲಿಲ್ಲವೇ?
— ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: 2015ರ ಜೂನ್ ತಿಂಗಳ ಮಾತು. ಮಿತಿ ಹತ್ತು ಲಕ್ಷ ಭಾಗಕ್ಕೆ 2.5 ಭಾಗ, ಉತ್ತರಪ್ರದೇಶದ ಬಾರಾಬಂಕಿಯ ಮಾದರಿಯಲ್ಲಿ 17.2 ಎಂದು ಕೋಲ್ಕತ್ತದ ಪ್ರಯೋಗಾಲಯ ವರದಿ ಕೊಟ್ಟಿತು. ಜೂನ್ 5ರಂದು ನಿಷೇಧವಾಯಿತು. ವಾರಗಟ್ಟಲೆ ಟಿವಿಯಲ್ಲಿ ಪೊಟ್ಟಣಗಳಿಗೆ ಬೆಂಕಿ ಹಚ್ಚುವುದನ್ನು ತೋರಿಸಿದರು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ, ಕಂಪನಿಯ ಮಾತನ್ನೂ ಕೇಳಿರಲಿಲ್ಲ ಎಂಬುದು ಕಾರಣ. ಕೋರ್ಟು ಹೇಳಿದ ಮೂರು ಪ್ರಯೋಗಾಲಯಗಳ ಮರುಪರೀಕ್ಷೆಯಲ್ಲಿ ಸೀಸ ಮಿತಿಯೊಳಗಿತ್ತು, ನವೆಂಬರ್‌ನಲ್ಲಿ ಮಾರಾಟ ಶುರುವಾಯಿತು. ಮುಂದೆ ಸುಪ್ರೀಂ ಕೋರ್ಟ್ ಮಾದರಿಗಳನ್ನು ಪರೀಕ್ಷೆಗೆ ಕಳಿಸಿದ್ದು ನಿಮ್ಮೂರಿಗೇ, ಚೆಲುವಾಂಬ ಅರಮನೆಯಲ್ಲಿರುವ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ. ಅಲ್ಲಿಯೂ ಮಿತಿಯೊಳಗೇ ಬಂದಿತು. ಕಂಪನಿಯಿಂದ 640 ಕೋಟಿ ರೂಪಾಯಿ ಪರಿಹಾರ ಕೇಳಿದ್ದ ಕೇಂದ್ರ ಸರ್ಕಾರದ ಅರ್ಜಿಯನ್ನು ರಾಷ್ಟ್ರೀಯ ಗ್ರಾಹಕ ಆಯೋಗ 2024ರ ಏಪ್ರಿಲ್‌ನಲ್ಲಿ ವಜಾ ಮಾಡಿತು. ಆ ರಾತ್ರಿ ನಾನು ಒಂಬತ್ತರಿಂದ ಹತ್ತೂವರೆಯವರೆಗೆ ವಾಹಿನಿಗಳನ್ನು ಬದಲಿಸುತ್ತ ಕುಳಿತಿದ್ದೆ. ಯಾರೊಬ್ಬರೂ ಅದನ್ನು ಹೇಳಲಿಲ್ಲ.